ಓದದೆ ಹಾಕಿದ ಇಪ್ಪತ್ತನಾಲ್ಕು ಸಹಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಚಿಕಿತ್ಸಾಲಯದ ಹಿಂಬಾಗಿಲು ಕಿರ್ರೆನ್ನುತ್ತದೆ. ಒಳಗೆ ಬಂದ ಸಿಸ್ಟರ್ ಮೊದಲು ಚಪ್ಪಲಿ ಬದಲಿಸುತ್ತಾರೆ, ಆಮೇಲೆ ಮೊಣಕೈವರೆಗೆ ಕೈ ತೊಳೆಯುತ್ತಾರೆ, ಆಮೇಲೆ ಕಿಟಕಿಯ ಒಂದೇ ಒಂದು ರೆಕ್ಕೆ ತೆರೆಯುತ್ತಾರೆ. ಇನ್ನೊಂದರ ತಿರುಪು ಹೋಗಿ ವರ್ಷಗಳಾಗಿವೆ. ಕಂಪ್ಯೂಟರ್ ಮುಂದೆ ಕುಳಿತು, ಕನ್ನಡಕವನ್ನು ಬಿಳಿ ಕೋಟಿನ ತುದಿಯಿಂದ ಒರೆಸಿ ಮೂಗಿಗೇರಿಸಿ ಓದಲು ಶುರುಮಾಡುತ್ತಾರೆ. ಮನಸ್ಸಿನಲ್ಲಲ್ಲ, ಗಟ್ಟಿಯಾಗಿ. ಕೋಣೆಯಲ್ಲಿ ಕೇಳುವವರು ಯಾರೂ ಇಲ್ಲ.

“ಬೇಕರಿಯವರ ಅತ್ತೆ. ಬಿಪಿ ಮಾತ್ರೆ. ಬೆಳಿಗ್ಗೆ ಒಂದು, ದಿನಾ. ಸರಿ.” ಒಂದು ಸಹಿ. “ಶಾಲೆ ಬಸ್ಸಿನ ಡ್ರೈವರ್. ಶುಗರ್. ಎರಡು ಹೊತ್ತು, ಊಟದ ಜೊತೆ. ರಕ್ತ ಪರೀಕ್ಷೆ ಹೋದ ತಿಂಗಳು ಆಗಿದೆ. ಸರಿ.” ಇನ್ನೊಂದು ಸಹಿ. “ಪೋಸ್ಟ್ ಆಫೀಸಿನ ಅಜ್ಜಿ. ಇದು ನಿದ್ದೆ ಮಾತ್ರೆ. ಮೂರು ತಿಂಗಳಿಂದ ಬಂದೇ ಇಲ್ಲ, ಮೊಮ್ಮಗಳು ಬಂದು ತಗೊಂಡು ಹೋಗ್ತಿದಾಳೆ. ಇಲ್ಲಮ್ಮ, ನೀನು ಬಾ, ನಿನ್ನ ಮುಖ ನೋಡಬೇಕು.” ಇದಕ್ಕೆ ಸಹಿ ಬೀಳುವುದಿಲ್ಲ. ಫೋನ್ ಮಾಡಿ ಕರೆಸಬೇಕಾದವರ ಪಟ್ಟಿಗೆ ಅಜ್ಜಿ ಸೇರುತ್ತಾರೆ.

ಹೊರಗೆ ನೆಲ ಒರೆಸುವ ಅಕ್ಕನಿಗೆ ಇದು ದಿನದ ತಮಾಷೆ. “ಸಿಸ್ಟರ್ ಪಾರಾಯಣ ಶುರುವಾಯ್ತು ಅಂದ್ರೆ ನಾನು ಗಡಿಯಾರ ನೋಡೋದೇ ಬೇಡ” ಎಂದು ಬಕೆಟ್ ಹಿಂಡುತ್ತಾ ಹೇಳುತ್ತಾಳೆ. “ಮೊದಮೊದಲು ಬಾಗಿಲು ತೆಗೆದಿಟ್ಟೇ ಓದ್ತಿದ್ರು. ನಾನೇ ಜಗಳ ತೆಗೆದೆ. ಹೀಗೇ ಓದ್ತಿದ್ರೆ ಇಡೀ ಊರಿನ ಕಾಯಿಲೆ ನನಗೆ ಬಾಯಿಪಾಠ ಆಗಿಬಿಡುತ್ತೆ, ಆಮೇಲೆ ನನ್ನ ಬಾಯಿಗೆ ಬೀಗ ಹಾಕೋರು ಯಾರು ಅಂದೆ. ಸಿಸ್ಟರ್ ಮುಖ ಸಣ್ಣದಾಯ್ತು. ಮಾರನೇ ದಿನದಿಂದ ಬಾಗಿಲು ಹಾಕ್ಕೋತಾರೆ. ಈಗ ಬರೀ ಗೊಣಗೊಣ ಕೇಳುತ್ತೆ.”

ಆ ಗೊಣಗೊಣದ ಹಿಂದೆ ಏನಿದೆ ಎಂದು ತಿಳಿದವರು ನಗುವುದಿಲ್ಲ. ಮೂರು ವರ್ಷಗಳ ಹಿಂದಿನ ಕಥೆಯದು. ಒಮ್ಮೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎರಡನೆಯ ಸಲ ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ.

ಮೊದಲು ಸಿಸ್ಟರ್ ಯಾರೆಂದು ಹೇಳಬೇಕು. ವಯಸ್ಸು ನಲವತ್ತೊಂಬತ್ತು. ಇಪ್ಪತ್ತಾರು ವರ್ಷಗಳ ಸರ್ವಿಸು. ಮೊದಲ ಹದಿನೆಂಟು ವರ್ಷ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಮಾಮೂಲಿ ನರ್ಸ್. ನಲವತ್ತೊಂದಕ್ಕೆ ಕಾಲಿಟ್ಟ ವರ್ಷ, ಮಗಳು ಶಾಲೆಗೆ ಹೋಗುವಾಗ ತಾನೂ ಚೀಲ ಹೆಗಲಿಗೇರಿಸಿಕೊಂಡು ಮತ್ತೆ ಓದಲು ಹೋದರು. ಎರಡು ವರ್ಷದ ಉನ್ನತ ತರಬೇತಿ, ಕೊನೆಗೆ ಕಬ್ಬಿಣದ ಕಡಲೆಯಂಥ ಪರೀಕ್ಷೆ. ಅದನ್ನು ಮುಗಿಸಿದ ನರ್ಸ್ ಡಾಕ್ಟರ್ ಇಲ್ಲದಾಗಲೂ ರೋಗಿಯನ್ನು ಪರೀಕ್ಷಿಸಬಹುದು, ನಿಗದಿಯಾದ ಪಟ್ಟಿಯಲ್ಲಿರುವ ಔಷಧಿಗಳನ್ನು ಬರೆಯಬಹುದು, ಡಾಕ್ಟರ್ ಶುರುಮಾಡಿದ ಔಷಧಿಯನ್ನು ಮುಂದುವರಿಸಬಹುದು. ತನ್ನದೇ ಹೆಸರಿನಲ್ಲಿ, ತನ್ನದೇ ಸಹಿಯಲ್ಲಿ.

ಮನೆಯಲ್ಲಿರುವುದು ಲೇತ್ ಯಂತ್ರದ ಮುಂದೆ ದುಡಿಯುವ ಗಂಡ, ಕಾಲೇಜಿಗೆ ಹೋಗುವ ಮಗಳು, ಮತ್ತು ಅತ್ತೆ. ಸೊಸೆಯ ಹೊಸ ಕೆಲಸ ಅತ್ತೆಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. “ಕೇಳಿದವರಿಗೆ ಏನು ಹೇಳಲಿ? ಡಾಕ್ಟರ್ ಅಂದ್ರೆ ಇವಳು ಒಪ್ಪಲ್ಲ. ನರ್ಸ್ ಅಂದ್ರೆ ಎರಡು ವರ್ಷ ನಾನು ಅನ್ನ ಬೇಯಿಸಿ ಹಾಕಿದ್ದು ವ್ಯರ್ಥ. ನಡುವೆ ಏನೋ ಒಂದು ಅಂತ ಹೇಳ್ತೀನಿ” ಎಂದು ಆಕೆ ಮುಸಿಮುಸಿ ನಗುತ್ತಾರೆ.

ಆ ನಡುವಿನ ಜಾಗ ಎಷ್ಟು ಇಕ್ಕಟ್ಟಿನದು ಎಂದು ಸಿಸ್ಟರ್‌ಗೆ ಮಾತ್ರ ಗೊತ್ತು. ಡಾಕ್ಟರ್ ಬರುವುದು ಮಂಗಳವಾರ ಮತ್ತು ಶುಕ್ರವಾರ. ಅವರಿಗೆ ಇಂಥವೇ ಐದು ಚಿಕಿತ್ಸಾಲಯಗಳು. ಉಳಿದ ದಿನ ಎಪ್ಪತ್ತೋ ಎಂಬತ್ತೋ ರೋಗಿಗಳು ಬರುತ್ತಾರೆ. ಅವರ ಕೆಮ್ಮು, ಗಾಯ, ಬಸಿರು, ಬಾಣಂತನ, ಸಕ್ಕರೆ, ಸಂಕಟ ಎಲ್ಲವೂ ಇವರ ಮೇಜಿಗೆ. “ವಾರ್ಡಿನಲ್ಲಿ ಇದ್ದಾಗ ಡಾಕ್ಟರ್ ಬರೆದಿದ್ರು, ನಾನು ಕೊಟ್ಟೆ ಅನ್ನಬಹುದಿತ್ತು. ಈಗ ಬರೆಯೋಳೇ ನಾನು. ಬೆನ್ನ ಹಿಂದೆ ತಿರುಗಿ ನೋಡಿದ್ರೆ ಗೋಡೆ ಮಾತ್ರ ಇರುತ್ತೆ” ಎನ್ನುತ್ತಾರೆ ಸಿಸ್ಟರ್.

ಇದೆಲ್ಲದರ ಮೇಲೆ ‘ಬೆಳಗಿನ ಕಟ್ಟು’ ಎಂಬುದೊಂದಿದೆ. ವರ್ಷಗಟ್ಟಲೆ ಒಂದೇ ಔಷಧಿ ನುಂಗುವವರು ಪ್ರತಿ ತಿಂಗಳೂ ಸರದಿಯಲ್ಲಿ ನಿಲ್ಲಬೇಕಿಲ್ಲ. ಅವರ ಚೀಟಿ ಗೇಟು ತೆರೆಯುವ ಮೊದಲೇ ಮುಂದುವರಿದು ಔಷಧಿ ಕೌಂಟರಿಗೆ ಹೋಗಿರುತ್ತದೆ. ಹಿಂದೆ ಕಾಗದದ ಫೈಲುಗಳನ್ನು ದಾರ ಕಟ್ಟಿ ತಂದು ಮೇಜಿನ ಮೇಲಿಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ದಾರ ಹೋಯಿತು, ಹೆಸರು ಉಳಿಯಿತು. ದಿನಕ್ಕೆ ಅರವತ್ತು, ಅರವತ್ತೈದು. ಒಂದೊಂದನ್ನೂ ತೆರೆದು ಓದಿದರೆ ಎರಡು ನಿಮಿಷ ಬೇಕು. ಓದದಿದ್ದರೆ? ಅದಕ್ಕೂ ಆಗ ವ್ಯವಸ್ಥೆಯಿತ್ತು. ಪರದೆಯ ಕೆಳಗೆ ಹಸಿರು ಬಣ್ಣದ ಒಂದು ಗುಂಡಿ: ‘ಎಲ್ಲಕ್ಕೂ ಸಹಿ’. ಒಂದು ಸಲ ಒತ್ತಿದರೆ ಇಡೀ ಕಟ್ಟು ಖಾಲಿ.

ಹೌದು, ಸರಿಯಾಗಿಯೇ ಓದಿದಿರಿ. ಜನರ ಹೊಟ್ಟೆಗಿಳಿಯುವ ಔಷಧಿಗೆ ಸಗಟು ಸಹಿ. ಯಾವ ಪುಣ್ಯಾತ್ಮ ಇದನ್ನು ಕಂಡುಹಿಡಿದನೋ, ಅವನ ಹೆಸರು ಎಲ್ಲಿಯೂ ಇಲ್ಲ. “ಎಲ್ಲರೂ ಒತ್ತುತ್ತಿದ್ರು. ಒತ್ತದೇ ಇದ್ದವರಿಗೆ ನಿಧಾನ ಅಂತ ಹೆಸರು” ಎನ್ನುತ್ತಾರೆ ಸಿಸ್ಟರ್. ಅವರೂ ನಿಧಾನದವರೆಂದೇ ಹೆಸರು ಪಡೆದಿದ್ದರು, ಆ ಒಂದು ಗುರುವಾರದವರೆಗೆ.

ಆ ಗುರುವಾರ ಕಟ್ಟಿನಲ್ಲಿ ಅರವತ್ತನಾಲ್ಕು ಚೀಟಿಗಳಿದ್ದವು. ನಲವತ್ತನ್ನು ಓದಿ ಮುಗಿಸುವ ಹೊತ್ತಿಗೆ ಗೇಟಿನಲ್ಲಿ ಚೀರಾಟ. ಜ್ವರ ನೆತ್ತಿಗೇರಿ ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ತಾಯಿ ಓಡಿಬಂದಿದ್ದಳು. ಮಗುವನ್ನು ಮಗ್ಗುಲಿಗೆ ಮಲಗಿಸಿ, ಔಷಧಿ ಕೊಟ್ಟು, ಉಸಿರು ಸರಿಹೋಗುವವರೆಗೆ ಕಾದು, ಆಂಬುಲೆನ್ಸ್ ಹತ್ತಿಸಿ ವಾಪಸು ಕುರ್ಚಿಗೆ ಬಂದಾಗ ಎಂಟು ಗಂಟೆ ಐದು ನಿಮಿಷ. ಹೊರಗೆ ಸರದಿ ರಸ್ತೆ ಮುಟ್ಟಿತ್ತು. ಕೌಂಟರಿನವನು ಎರಡು ಸಲ ಇಣುಕಿ ಹೋಗಿದ್ದ. ಇನ್ನೂ ಇಪ್ಪತ್ತನಾಲ್ಕು ಚೀಟಿ ಉಳಿದಿದ್ದವು.

“ಮಗು ಉಳೀತು ಅನ್ನೋ ಖುಷಿ ಬೇರೆ ಇತ್ತು. ಎಲ್ಲ ಹಳೇ ರೋಗಿಗಳು, ಎಲ್ಲ ಹಳೇ ಔಷಧಿ, ಏನಾಗುತ್ತೆ ಅಂದ್ಕೊಂಡೆ. ನಲವತ್ತರವರೆಗೆ ಓದಿದೆ. ಆಮೇಲೆ ಒತ್ತಿದೆ.” ಇದನ್ನು ಹೇಳುವಾಗ ಸಿಸ್ಟರ್ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಆದರೆ ಬಲಗೈಯನ್ನು ಮೇಜಿನ ಮೇಲಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

ಒಂಬತ್ತು ದಿನ ಕಳೆದು ಶನಿವಾರ ಬೆಳಿಗ್ಗೆ ಟೈಲರ್ ಅಜ್ಜ ಬಂದರು. ಅರವತ್ತೇಳು ವರ್ಷ, ಮೂಲೆಯಂಗಡಿಯಲ್ಲಿ ಇವತ್ತಿಗೂ ಹೊಲಿಗೆ. ಕೀಲು ಊದುವ ಕಾಯಿಲೆಗೆ ಆರು ವರ್ಷದಿಂದ ಒಂದು ಪುಟ್ಟ ಹಳದಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಭಾನುವಾರಕ್ಕೊಮ್ಮೆ ನಾಲ್ಕು. ವಾರದ ಉಳಿದ ದಿನ ಅದನ್ನು ಮುಟ್ಟುವಂತಿಲ್ಲ. ವಾರಕ್ಕೊಮ್ಮೆ ತೆಗೆದುಕೊಂಡರೆ ಬೆರಳು ಮಡಚಲು ಬರುತ್ತದೆ, ಸೂಜಿಗೆ ದಾರ ಪೋಣಿಸಲು ಬರುತ್ತದೆ. ದಿನಾ ತೆಗೆದುಕೊಂಡರೆ ಅದೇ ಮಾತ್ರೆ ಮೈಯಲ್ಲಿ ಹೊಸ ರಕ್ತ ಹುಟ್ಟದಂತೆ ಮಾಡಿ ಪ್ರಾಣಕ್ಕೇ ಎರವಾಗುತ್ತದೆ. ಇದು ಕಲಿತ ನರ್ಸ್‌ಗಳೆಲ್ಲರಿಗೂ ಗೊತ್ತಿರುವ ಸಂಗತಿ.

ಅಜ್ಜನ ಜೊತೆ ಮಗಳಿದ್ದಳು. ಬಾಯಿ ತುಂಬ ಹುಣ್ಣು, ನೀರು ಇಳಿಯುತ್ತಿಲ್ಲ, ಮೈ ಕೆಂಡ. ಬಾಯೊಳಗೆ ಟಾರ್ಚು ಬಿಟ್ಟ ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು. “ಆ ಹಳದಿ ಮಾತ್ರೆ ಹೇಗೆ ತಗೋತಿದ್ದೀರಿ ಅಜ್ಜ?”

“ದಿನಾ... ನಾಲ್ಕು” ಎಂದರು ಅಜ್ಜ, ತುಟಿ ಅಲುಗಿಸಲೂ ಕಷ್ಟಪಟ್ಟು.

ಮಗಳು ಕುರ್ಚಿಯಿಂದ ಎದ್ದೇಬಿಟ್ಟಳು. “ದಿನಾನಾ? ಆರು ವರ್ಷದಿಂದ ಭಾನುವಾರ ಭಾನುವಾರ ತಗೋತಿದ್ದೀಯಲ್ಲ ಅಪ್ಪ. ಬುದ್ಧಿ ಎಲ್ಲಿಟ್ಟಿದ್ದೆ?”

ಅಜ್ಜ ತಲೆ ತಗ್ಗಿಸಿದರು. ಈ ಸಲ ಪೊಟ್ಟಣದ ಮೇಲೆ ದಿನಾ ಅಂತ ಇದ್ದ ನೆನಪು. ಆದರೆ ಪೊಟ್ಟಣ ಎಸೆದು, ಮಾತ್ರೆಗಳನ್ನು ಅಂಗಿ ಗುಂಡಿ ಹಾಕಿಡುವ ಡಬ್ಬಿಗೆ ಸುರಿದುಕೊಂಡಿದ್ದರು. ಈಗ ತೋರಿಸಲು ಏನೂ ಇಲ್ಲ. “ನಾನೇ ಏನೋ ತಪ್ಪು ಓದಿರಬೇಕು ಕಣಮ್ಮ. ಈಚೆಗೆ ತಲೆ ನಿಲ್ಲಲ್ಲ” ಎಂದರು.

ಸಿಸ್ಟರ್ ಪರದೆಯಲ್ಲಿ ಚೀಟಿ ತೆರೆದರು. ನಾಲ್ಕು ಮಾತ್ರೆ, ದಿನಕ್ಕೊಮ್ಮೆ. ಕೆಳಗೆ ಅವರದೇ ಹೆಸರು, ಅವರದೇ ಸಹಿ, ಗುರುವಾರ, ಎಂಟು ಗಂಟೆ ಆರು ನಿಮಿಷ. ಕೌಂಟರಿನ ಪಟ್ಟಿ ತೆರೆದರು. ಮುಂದಿನ ತಿಂಗಳಿಗೆಂದು ಹದಿನಾರು ಮಾತ್ರೆ ಕೊಡಬೇಕಾದ ಕಡೆ ಕೌಂಟರಿನಿಂದ ನೂರಾಹನ್ನೆರಡು ಹೋಗಿದ್ದವು. ಕೌಂಟರಿನವನನ್ನು ಕರೆದು ಕೇಳಿದರೆ ಅವನು ಪಾಪ ಬೆಪ್ಪಾಗಿ ನಿಂತ. “ಜಾಸ್ತಿ ಅನ್ನಿಸ್ತು ಸಿಸ್ಟರ್. ಆದ್ರೆ ನಿಮ್ಮ ಸಹಿ ಇತ್ತಲ್ಲ. ನೀವು ನೋಡದೇ ಹಾಕಲ್ಲ ಅಂದ್ಕೊಂಡೆ.”

ಮೂರು ವರ್ಷವಾದರೂ ಆ ಮಾತು ಸಿಸ್ಟರ್ ಕಿವಿ ಬಿಟ್ಟಿಲ್ಲ.

ಆಮೇಲಿನ ಹತ್ತು ನಿಮಿಷ ಅವರು ಬರೀ ನರ್ಸ್. ದೊಡ್ಡಾಸ್ಪತ್ರೆಗೆ ಫೋನ್ ಹಚ್ಚಿ ಯಾವ ಮಾತ್ರೆ, ಎಷ್ಟು, ಎಷ್ಟು ದಿನ ಎಂದು ಬಿಡಿಸಿ ಹೇಳಿದರು. ಅದಕ್ಕೆ ಪ್ರತಿಮದ್ದು ಇದೆ, ಬೇಗ ಕೊಡಬೇಕು. ಅಜ್ಜನನ್ನು ಆಂಬುಲೆನ್ಸಿಗೆ ಹತ್ತಿಸುವಾಗಲೂ ಮಗಳು ಬೈಯುತ್ತಲೇ ಇದ್ದಳು. ಬೈಗುಳದ ಕೊನೆಗೆ ಅಳು ಬರುತ್ತಿತ್ತು. ಅಜ್ಜ ಅಪರಾಧಿಯಂತೆ ಸ್ಟ್ರೆಚರಿನ ಮೇಲೆ ಕಣ್ಣು ಮುಚ್ಚಿಕೊಂಡಿದ್ದರು.

ಅರ್ಧ ಗಂಟೆಯಲ್ಲಿ ಆಡಳಿತಾಧಿಕಾರಿಯ ಫೋನ್ ಬಂತು. ಆಸುಪಾಸಿನ ಚಿಕಿತ್ಸಾಲಯಗಳನ್ನೆಲ್ಲ ನೋಡಿಕೊಳ್ಳುವ ಮನುಷ್ಯ. ಕೆಟ್ಟವರೇನಲ್ಲ, ಸಿಸ್ಟರ್ ಮಗಳ ಕಾಲೇಜಿಗೆ ಶಿಫಾರಸು ಪತ್ರ ಕೊಟ್ಟವರು. ಅವರು ಮೃದುವಾಗಿಯೇ ಕೇಳಿದರು. “ಆಸ್ಪತ್ರೆಯವರಿಗೆ ಎಷ್ಟು ಮಾತ್ರೆ ಅಂತ ಹೇಳಿದ್ದೀರಲ್ಲ? ಒಳ್ಳೇದು. ಪ್ರತಿಮದ್ದು ಕೊಡ್ತಾರೆ. ರೋಗಿ ಏನಂತಾರೆ? ತಾನೇ ತಪ್ಪು ತಗೊಂಡೆ ಅಂತಾರಾ? ಮತ್ತಿನ್ನೇನು. ಏಳು ತಿಂಗಳಿನ ಸ್ಟಾಕು ಒಟ್ಟಿಗೆ ಕೊಟ್ಟಿದ್ವಿ, ಅವರು ದಿನಾ ನುಂಗಿದ್ರು. ಚೀಟಿ ತಿದ್ದೋಕೆ ಹದಿನಾಲ್ಕು ದಿನ ಅವಕಾಶ ಇದೆ. ಇವತ್ತು ಒಂಬತ್ತನೇ ದಿನ. ನೋಡಿ, ಯಾರಿಗೂ ನಷ್ಟ ಇಲ್ಲ.”

ಓದುವವರು ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಲೆಕ್ಕ ಎಷ್ಟು ಚೊಕ್ಕವಾಗಿದೆ ನೋಡಿ. ಹದಿನಾರನ್ನು ಏಳರಿಂದ ಗುಣಿಸಿದರೆ ಸರಿಯಾಗಿ ನೂರಾಹನ್ನೆರಡು. ಸುಳ್ಳು ಹೇಳಿದರೂ ಅಜ್ಜನಿಗೆ ಸಿಗುವ ಚಿಕಿತ್ಸೆ ಅದೇ. ಪೊಟ್ಟಣ ಕಸದ ಗಾಡಿ ಸೇರಿದೆ. ರೋಗಿಯೇ ತಪ್ಪು ತನ್ನದೆನ್ನುತ್ತಿದ್ದಾನೆ. ನಿಜ ಹೇಳಿದರೆ ಸಿಸ್ಟರ್ ಸಹಿ ಹೋಗುತ್ತದೆ, ಬಹುಶಃ ಕೆಲಸವೇ ಹೋಗುತ್ತದೆ. ನಲವತ್ತೊಂದನೆಯ ವಯಸ್ಸಿನಲ್ಲಿ ಚೀಲ ಹೊತ್ತು ಗಳಿಸಿದ್ದೆಲ್ಲ ಮಣ್ಣುಪಾಲು. ಹೇಳದಿದ್ದರೆ ಒಂದು ಗುಂಡಿ ಒತ್ತಿದರಾಯಿತು. ಇನ್ನೊಂದು ಗುಂಡಿ.

“ನಾನೇನು ದೊಡ್ಡ ಸತ್ಯವಂತೆ ಅಲ್ಲ” ಎನ್ನುತ್ತಾರೆ ಸಿಸ್ಟರ್. “ತಿದ್ದೋ ಜಾಗ ತೆರೆದೆ. ‘ವಾರಕ್ಕೊಮ್ಮೆ’ ಅಂತ ಟೈಪೂ ಮಾಡಿದೆ. ಉಳಿಸು ಅನ್ನೋದೊಂದು ಒತ್ತಬೇಕಿತ್ತು. ತಂದಿಟ್ಟ ಚಹಾ ಆರಿ ಕೆನೆ ಕಟ್ಟೋವರೆಗೆ ಹಾಗೇ ಕೂತಿದ್ದೆ. ಮಗಳ ಮುಖ ನೆನಪಾಯ್ತು, ಗಂಡನ ಮುಖ ನೆನಪಾಯ್ತು. ಆಮೇಲೆ ಆ ಹುಡುಗಿ ಅಪ್ಪನ್ನ ಬೈತಿದ್ದಳಲ್ಲ, ಅದು ನೆನಪಾಯ್ತು. ಇದು ಒತ್ತಿದ್ರೆ ಅವಳು ಸಾಯೋವರೆಗೂ ಬೈತಾಳೆ. ಅವರು ಸಾಯೋವರೆಗೂ ಬೈಸ್ಕೋತಾರೆ. ಅಳಿಸಿಬಿಟ್ಟೆ.”

ಮಧ್ಯಾಹ್ನ ಸರದಿ ಮುಗಿಸಿ ಪರಿಷತ್ತಿಗೆ ತಾವೇ ವರದಿ ಬರೆದರು. ನರ್ಸ್‌ಗಳಿಗೆ ಪರವಾನಗಿ ಕೊಡುವುದು, ಕಿತ್ತುಕೊಳ್ಳುವುದು ಎರಡೂ ಆ ಪರಿಷತ್ತಿನ ಕೈಯಲ್ಲಿದೆ. ಕಾಗದ ಕಳಿಸಿ, ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋದರು. ಅಜ್ಜನ ಮಂಚದ ಪಕ್ಕ ಮಗಳು ಕೂತಿದ್ದಳು. ಸಿಸ್ಟರ್ ಕುಳಿತುಕೊಳ್ಳಲಿಲ್ಲ.

“ಅಜ್ಜ, ನೀವು ಸರಿಯಾಗಿಯೇ ಓದಿದ್ರಿ. ಪೊಟ್ಟಣದ ಮೇಲೆ ದಿನಾ ಅಂತಲೇ ಇತ್ತು. ಆ ಚೀಟಿಗೆ ನಾನು ಓದದೇ ಸಹಿ ಹಾಕಿದ್ದೆ. ತಪ್ಪು ನಿಮ್ಮದಲ್ಲ, ನನ್ನದು.”

ಮಗಳು “ಇಲ್ಲಿಂದ ಹೋಗಿ” ಎಂದಳು, ಅಷ್ಟೇ. ಅಜ್ಜ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಗಳ ಮುಂಗೈ ಹಿಡಿದುಕೊಂಡು ಅತ್ತರು. ಅವರು ಬದುಕಿ ಮನೆಗೆ ಬರಲು ಇಪ್ಪತ್ತಮೂರು ದಿನ ಬೇಕಾಯಿತು. ಆ ಅಳು ಯಾಕೆಂದು ಅಜ್ಜ ಈಗ ಹೊಲಿಗೆಯಂಗಡಿಯಲ್ಲಿ ಕೂತು ಹೇಳುತ್ತಾರೆ. “ನನಗೆ ಸಾಯೋ ಹೆದರಿಕೆಗಿಂತ ಬೇರೆ ಹೆದರಿಕೆ ಇತ್ತು. ಅರಳುಮರಳು ಶುರುವಾಯ್ತು, ಇನ್ನು ಮಗಳು ಕತ್ತರಿನೂ ಮುಟ್ಟೋಕೆ ಬಿಡಲ್ಲ ಅಂತ. ಸಿಸ್ಟರ್ ಬಂದು ಹೇಳಿದ ಮೇಲೆ ಆ ಹೆದರಿಕೆ ಬಿಟ್ಟುಹೋಯ್ತು. ಬೈಬೇಕು ಅನ್ಸಿತ್ತು, ಬಾಯಲ್ಲಿ ಹುಣ್ಣಿತ್ತು. ಹುಣ್ಣು ವಾಸಿಯಾಗೋ ಹೊತ್ತಿಗೆ ಸಿಟ್ಟೂ ಇರಲಿಲ್ಲ.”

ಇಷ್ಟಕ್ಕೇ ಮುಗಿದಿದ್ದರೆ ಇದು ಒಬ್ಬ ಪ್ರಾಮಾಣಿಕ ಹೆಂಗಸಿನ ಕಥೆಯಾಗಿ, ಓದಿದವರು ಲೊಚಗುಟ್ಟಿ ಪುಟ ಮಗುಚಬಹುದಿತ್ತು. ಮುಂದಿನದು ಕೇಳಿ.

ಸಿಸ್ಟರ್ ವರದಿ ಲಿಖಿತವಾಗಿ ಬಂದದ್ದರಿಂದ ಪರಿಷತ್ತು ತನಿಖೆ ಮಾಡಲೇಬೇಕಾಯಿತು. ವಾರದ ಮಾತ್ರೆ ದಿನದ ಮಾತ್ರೆಯಾದದ್ದು ಹೇಗೆ ಎಂದು ಹುಡುಕಿದರು. ಕಂಪ್ಯೂಟರಿನಲ್ಲಿ ಯಾವುದೇ ಔಷಧಿಯ ಹೆಸರು ಹೊಡೆದರೂ ‘ದಿನಕ್ಕೊಮ್ಮೆ’ ಎಂಬುದು ತಾನೇ ತುಂಬಿಕೊಳ್ಳುತ್ತಿತ್ತು. ವಾರಕ್ಕೊಮ್ಮೆ ಎನ್ನಬೇಕಾದರೆ ಅದನ್ನು ಅಳಿಸಿ ಬೇರೆ ಆರಿಸಬೇಕು. ಕಾಗದದಿಂದ ಕಂಪ್ಯೂಟರಿಗೆ ಇಳಿಸಿದವರು ಕೆಲವು ಕಡೆ ಅದನ್ನು ಮರೆತಿದ್ದರು. ಕಂಪ್ಯೂಟರ್ ಬಂದದ್ದು ಎಲ್ಲ ಕಡೆ ಒಟ್ಟಿಗೇ ಅಲ್ಲ, ಎರಡು ವರ್ಷಗಳಲ್ಲಿ ಒಂದೊಂದೇ ಚಿಕಿತ್ಸಾಲಯಕ್ಕೆ. ಸಿಸ್ಟರ್ ಇರುವಲ್ಲಿಗೆ ಎಲ್ಲಕ್ಕಿಂತ ಕೊನೆಗೆ. ಹಾಗಾದರೆ ಉಳಿದ ಕಡೆ?

ಉಳಿದ ಕಡೆ ಇನ್ನೂ ಹನ್ನೊಂದು ಜನ ಸಿಕ್ಕಿದರು. ಅದೇ ಹಳದಿ ಮಾತ್ರೆ, ಅದೇ ‘ದಿನಕ್ಕೊಮ್ಮೆ’, ಅದೇ ಸಗಟು ಸಹಿ. ಐದು ಜನರ ಚೀಟಿ ಕಂಪ್ಯೂಟರಿಗೆ ಇಳಿದದ್ದೇ ಆ ತಿಂಗಳು, ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ಮನೆಮನೆಗೆ ಹೋಗಿ ವಾಪಸು ಪಡೆದರು. ನಾಲ್ಕು ಜನ ಹಳೆಯ ಅಭ್ಯಾಸದಂತೆ ವಾರಕ್ಕೊಮ್ಮೆಯೇ ತೆಗೆದುಕೊಂಡು ಪಾರಾಗಿದ್ದರು. ಒಬ್ಬರು ಆ ಹೊತ್ತಿನಲ್ಲೇ ಆಸ್ಪತ್ರೆಯಲ್ಲಿದ್ದರು, ಏನೋ ಸೋಂಕು ಎಂಬ ಚಿಕಿತ್ಸೆ ನಡೆಯುತ್ತಿತ್ತು. ಪ್ರತಿಮದ್ದು ಕೊಟ್ಟ ಮೇಲೆ ಉಳಿದುಕೊಂಡರು.

ಹನ್ನೊಂದನೆಯವರು ಒಬ್ಬ ವಯಸ್ಸಾದ ಹೆಂಗಸು. ಸತ್ತು ಒಂದೂವರೆ ವರ್ಷವಾಗಿತ್ತು. ದಾಖಲೆಯಲ್ಲಿ ಕಾರಣ ಬರೆದಿತ್ತು: ಮಾತ್ರೆಯನ್ನು ಮನೆಯಲ್ಲಿ ತಪ್ಪಾಗಿ ಸೇವಿಸಿದ್ದು. ಚೀಟಿಯಲ್ಲಿ ಅಚ್ಚುಕಟ್ಟಾಗಿ ‘ವಾರಕ್ಕೊಮ್ಮೆ’ ಎಂದಿತ್ತು. ಆ ಚೀಟಿಯನ್ನು ತಿದ್ದಿದ್ದು ಆಕೆ ಆಸ್ಪತ್ರೆ ಸೇರಿದ ಮಾರನೆಯ ದಿನ. ತಿದ್ದಿದವರು ಯಾರೆಂದು ಗುರುತು ಉಳಿಯುವ ಏರ್ಪಾಡು ಆಗ ಇರಲಿಲ್ಲ. ಔಷಧಿ ಕೌಂಟರಿನ ಪಟ್ಟಿಯನ್ನು ತಿದ್ದಲು ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಅಲ್ಲಿ ನೂರಾಹನ್ನೆರಡು ಹಾಗೆಯೇ ಕೂತಿತ್ತು.

ಯಾರಿಗೂ ನಷ್ಟ ಇಲ್ಲ ಎಂದಿದ್ದರು ಆಡಳಿತಾಧಿಕಾರಿ. ಸಿಸ್ಟರ್ ಆ ಶನಿವಾರ ಗುಂಡಿ ಒತ್ತಿದ್ದರೆ ಆಸ್ಪತ್ರೆಯಲ್ಲಿದ್ದ ರೋಗಿ ಸೋಂಕಿನ ಲೆಕ್ಕದಲ್ಲೇ ಹೋಗುತ್ತಿದ್ದರು. ಪೊಟ್ಟಣ ಬಿಚ್ಚದ ಐವರು ಬಿಚ್ಚುತ್ತಿದ್ದರು. ಅವರೆಲ್ಲರ ಮನೆಯವರಿಗೂ ಇದೇ ಉತ್ತರ ಸಿಗುತ್ತಿತ್ತು, ನೀವೇ ತಪ್ಪು ತಗೊಂಡಿದ್ದು ಎಂದು. ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇನ್ನು ಶಿಕ್ಷೆಯ ವಿಚಾರ. ಹನ್ನೆರಡು ಚೀಟಿಗಳಲ್ಲಿ ಶಿಕ್ಷೆಯಾದದ್ದು ಒಂದಕ್ಕೆ ಮಾತ್ರ. ತಪ್ಪನ್ನು ಒಪ್ಪಿಕೊಂಡದ್ದು ಆ ಒಂದಕ್ಕೆ ಸಹಿ ಹಾಕಿದವರು ಮಾತ್ರ. ಉಳಿದವರು, ನಮಗೆ ನೆನಪಿಲ್ಲ, ಕಂಪ್ಯೂಟರ್ ದೋಷ ಎಂದು ಕೈತೊಳೆದುಕೊಂಡರು. ಸಿಸ್ಟರ್‌ಗೂ ಅದೇ ದಾರಿ ತೆರೆದಿತ್ತು. ವಿಚಾರಣೆಯ ಕೋಣೆಯಲ್ಲಿ ಅವರ ಪರ ವಕೀಲರೇ, ಕಂಪ್ಯೂಟರ್ ದೋಷ ಅಂತ ಒಂದು ಮಾತು ಹೇಳಿಬಿಡಿ ಎಂದು ಕಿವಿಯಲ್ಲಿ ಉಸುರಿದರು. ಸಿಸ್ಟರ್ ಎದ್ದು ಹೇಳಿದ್ದು ಹೀಗೆ. “ತಪ್ಪು ಬರೆದಿದ್ದು ಕಂಪ್ಯೂಟರ್. ಅದನ್ನ ಓದಲಿ ಅಂತಲೇ ನನ್ನನ್ನ ಇಟ್ಟಿದ್ದು.” ವಕೀಲರು ಪೆನ್ನಿನ ಮುಚ್ಚಳ ಹಾಕಿಕೊಂಡರು.

ಔಷಧಿ ಬರೆಯುವ ಅಧಿಕಾರ ಒಂದು ವರ್ಷ ಅಮಾನತು, ಆಮೇಲೆ ಮತ್ತೆ ಪರೀಕ್ಷೆ. ಪರಿಷತ್ತಿನ ಪತ್ರಿಕೆಯಲ್ಲಿ ಹೆಸರು ಅಚ್ಚಾಯಿತು. ಅಷ್ಟೂ ದಿನ ಅವರು ಅದೇ ಕಟ್ಟಡದಲ್ಲಿ ಮಾಮೂಲಿ ನರ್ಸ್ ಆಗಿ ದುಡಿದರು. ಇಂಜೆಕ್ಷನ್ ಕೋಣೆಯಲ್ಲಿ, ಗಾಯಕ್ಕೆ ಪಟ್ಟಿ ಕಟ್ಟುತ್ತಾ. ಅವರ ಕುರ್ಚಿಗೆ ಬಂದವಳು ಅವರೇ ಕೈಹಿಡಿದು ಕಲಿಸಿದ ಹುಡುಗಿ. ಮೊದಲ ದಿನ ಆಕೆ ಆ ಕುರ್ಚಿಯಲ್ಲಿ ಕೂರಲು ಒಪ್ಪಲಿಲ್ಲವಂತೆ, ಸ್ಟೂಲು ತಂದು ಹಾಕಿಕೊಂಡಳಂತೆ. “ಕೂತ್ಕೋ ಮಾರಾಯ್ತಿ, ಕುರ್ಚಿಗೆ ಏನೂ ಅಂಟಿಲ್ಲ ಅಂದೆ” ಎಂದು ಸಿಸ್ಟರ್ ನಗುತ್ತಾರೆ. ಮನೆಯಲ್ಲಿ ಗಂಡ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಸಿಟ್ಟಿಗಲ್ಲ, ಏನು ಮಾತಾಡಬೇಕೆಂದು ತೋಚದೆ. ಧೈರ್ಯ ಹೇಳಿದವರು ಅತ್ತೆ. “ಸಹಿ ಹೋದ್ರೆ ಹೋಯ್ತು. ಕೈ ಇದೆಯಲ್ಲ. ಎದ್ದು ಊಟ ಮಾಡು.”

ಈಗ ಆ ಹಸಿರು ಗುಂಡಿ ಯಾವ ಚಿಕಿತ್ಸಾಲಯದಲ್ಲೂ ಇಲ್ಲ. ವಾರದ ಮಾತ್ರೆ ಬರೆಯಬೇಕಾದರೆ ವಾರದ ಯಾವ ದಿನ ಎಂದು ಆರಿಸದೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ಚೀಟಿ ತಿದ್ದಿದರೆ ತಿದ್ದಿದವರ ಹೆಸರು ಬೀಳುತ್ತದೆ. ಈ ಬದಲಾವಣೆಗಳ ಸುತ್ತೋಲೆ ಎಲ್ಲ ಗೋಡೆಗಳ ಮೇಲೂ ಅಂಟಿದೆ. ಕೆಳಗೆ ಆಡಳಿತಾಧಿಕಾರಿಯ ಸಹಿ ಇದೆ. ಸಿಸ್ಟರ್ ಹೆಸರು ಹುಡುಕಿದರೂ ಸಿಗುವುದಿಲ್ಲ. ಬರೆಯುವ ಅಧಿಕಾರ ಅವರಿಗೆ ವಾಪಸು ಬಂದು ಒಂದು ವರ್ಷ ದಾಟಿದೆ. ಅಜ್ಜ ತಿಂಗಳಿಗೊಮ್ಮೆ ಬರುತ್ತಾರೆ, ಡಾಕ್ಟರ್ ಇರುವ ದಿನ ಬಿಟ್ಟು ಸಿಸ್ಟರ್ ಇರುವ ದಿನವೇ. ಮಗಳು ಗೇಟಿನವರೆಗೆ ಬಿಟ್ಟು, ಒಳಗೆ ಬಾರದೆ ಹೊರಗೆ ನಿಲ್ಲುತ್ತಾಳೆ. ಸಿಸ್ಟರ್ ಅದಕ್ಕೆ ಬೇಜಾರು ಮಾಡಿಕೊಂಡಿಲ್ಲ. “ಅವಳು ಯಾಕೆ ಬರಬೇಕು?” ಎಂದು ಅವರೇ ತಿರುಗಿ ಕೇಳುತ್ತಾರೆ.

ಇಷ್ಟೆಲ್ಲ ಆಗಿ, ನಿಮ್ಮೊಬ್ಬರಿಗೇ ಶಿಕ್ಷೆಯಾಯಿತಲ್ಲ, ಹೊಟ್ಟೆ ಉರಿಯಲಿಲ್ಲವೇ ಎಂದು ಕೇಳಿದರೆ ಸಿಸ್ಟರ್ ಒಂದು ಮಧ್ಯಾಹ್ನದ ಕಥೆ ಹೇಳುತ್ತಾರೆ.

ಅಮಾನತಿನ ಏಳನೆಯ ತಿಂಗಳು. ಇಂಜೆಕ್ಷನ್ ಕೋಣೆಯ ಮುಂದಿನ ಬೆಂಚಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ಸರದಿ ಬಂದಾಗ ಒಳಗೆ ಬಂದಳು, ತೋಳು ಚಾಚಲಿಲ್ಲ. ಏನಾಗಿದೆ ಎಂದರೆ ಏನೂ ಆಗಿಲ್ಲ ಎಂದಳು. ಚೀಲದಿಂದ ಮಡಚಿ ಮಡಚಿ ಹರಿಯುವಂತಾಗಿದ್ದ ಒಂದು ಕಾಗದ ತೆಗೆದಳು. ತನಿಖೆ ಮುಗಿದ ಮೇಲೆ ಪರಿಷತ್ತು ಸತ್ತ ಆ ವಯಸ್ಸಾದ ಹೆಂಗಸಿನ ಮನೆಗೆ ಕಳಿಸಿದ್ದ ಕಾಗದ ಅದು. ಬಂದವಳು ಆಕೆಯ ಸೊಸೆ.

“ಅತ್ತೆಗೆ ಮಾತ್ರೆ ಕೊಡ್ತಿದ್ದವಳು ನಾನೇ” ಎಂದಳು ಸೊಸೆ. “ಪೊಟ್ಟಣದ ಮೇಲೆ ಇದ್ದ ಹಾಗೇ ಕೊಟ್ಟೆ. ಹೋದ ಮೇಲೆ ಆಸ್ಪತ್ರೆಯವರು, ಮನೇಲಿ ತಪ್ಪು ಕೊಟ್ಟಿದಾರೆ ಅಂದ್ರು. ಚೀಟಿ ತೆಗೆಸಿ ನೋಡಿದ್ರೆ ವಾರಕ್ಕೊಮ್ಮೆ ಅಂತಲೇ ಇತ್ತು. ನನ್ನ ಕಣ್ಣಿನ ಮೇಲೇ ನನಗೆ ನಂಬಿಕೆ ಹೋಯ್ತು. ಗಂಡ ಒಂದು ಮಾತೂ ಅನ್ನಲಿಲ್ಲ ಸಿಸ್ಟರ್. ಆದ್ರೆ ತಲೆನೋವಿನ ಮಾತ್ರೆ ನಾನು ತಂದುಕೊಟ್ರೆ ತಗೋತಿರಲಿಲ್ಲ, ತಾನೇ ಎದ್ದು ಹೋಗಿ ಬೇರೆ ತಗೋತಿದ್ರು. ಮಗುಗೆ ಜ್ವರ ಬಂದ್ರೆ ಔಷಧಿ ಬಾಟಲಿ ನನ್ನ ಕೈಗೆ ಸಿಗದ ಹಾಗೆ ಮೇಲೆ ಎತ್ತಿಡ್ತಿದ್ರು. ಎರಡು ವರ್ಷ. ಹೆತ್ತ ಮಗುಗೆ ಒಂದು ಚಮಚ ಔಷಧಿ ಕೊಟ್ಟಿಲ್ಲ ನಾನು.”

ಸಿಸ್ಟರ್ ರೋಗಿಗಳು ಕೂರುವ ಸ್ಟೂಲಿನ ಮೇಲೆ ತಾವೇ ಕೂತುಬಿಟ್ಟರು. ಆ ಹೆಂಗಸು ಕೃತಜ್ಞತೆ ಹೇಳಲಿಲ್ಲ, ಕಾಲಿಗೆ ಬೀಳಲಿಲ್ಲ. ಆ ಕಾಗದ ಹೊರಬರಲು ಕಾರಣರಾದವರ ಮುಖ ಒಂದು ಸಲ ನೋಡಬೇಕಿತ್ತು ಎಂದಳು. ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

“ಅಲ್ಲಿವರೆಗೆ ನಾನೂ ಒಳಗೊಳಗೇ ಕುದೀತಿದ್ದೆ. ಎಲ್ಲರೂ ಮಾಡಿದ ತಪ್ಪಿಗೆ ನಾನೊಬ್ಬಳೇ ಶಿಕ್ಷೆ ಅನುಭವಿಸ್ತಿದ್ದೀನಿ ಅಂತ” ಎನ್ನುತ್ತಾರೆ ಸಿಸ್ಟರ್. “ತಪ್ಪೇ ಮಾಡದವಳು ಒಬ್ಬಳು ನನಗಿಂತ ಮೊದಲೇ ಅನುಭವಿಸ್ತಾ ಇದ್ದಳು. ನಂದು ಒಂದು ವರ್ಷ, ಅವಳದ್ದು ಎರಡು. ನನಗಾದ್ರೂ ಯಾವಾಗ ಮುಗಿಯುತ್ತೆ ಅಂತ ಬರೆದು ಕೊಟ್ಟಿದ್ರು.”

ಹೊರಗೆ ಗೇಟು ತೆರೆಯುವ ಹೊತ್ತಾಗಿದೆ, ಸರದಿಯ ಸದ್ದು ಕೇಳುತ್ತಿದೆ. ಸಿಸ್ಟರ್ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಇನ್ನೊಂದು ಮಾತು ಸೇರಿಸುತ್ತಾರೆ.

“ಹೋದ ವಾರ ಅವಳು ಫೋನ್ ಮಾಡಿದ್ದಳು. ಮಗುಗೆ ಕೆಮ್ಮು, ಔಷಧಿ ಒಂದು ಚಮಚವೋ ಅರ್ಧವೋ ಅಂತ ಕೇಳೋಕೆ. ತೂಕ ಕೇಳಿ, ಅರ್ಧ ಅಂದೆ. ಹಿಂದೆ ಗಂಡನ ದನಿ ಕೇಳ್ತು, ಬಾಟಲಿ ಮುಚ್ಚಳ ತೆಗೆದುಕೊಡ್ಲಾ ಅಂತಿದ್ದ. ಬೇಡ, ನಾನೇ ಕೊಡ್ತೀನಿ ಅಂದಳು.”